ಬೆರಳ ಮಸಿ

ಮನೆಮನೆಗೆ ಹೋಗಿ ಲಸಿಕೆ ಹಾಕುವ ಫುಲೋದೇವಿ ಮಗುವಿನ ಕಿರುಬೆರಳನ್ನು ಸೆರಗಿನಿಂದ ಉಜ್ಜಿದಳು. ಪೋಲಿಯೊ ಹನಿ ಹಾಕಿದ ಗುರುತಿಗೆಂದು ನಿನ್ನೆ ತಾನೇ ಹಚ್ಚಿದ್ದ ಮಸಿ ಹೋಗಲಿಲ್ಲ.

"ಏನು ದೀದಿ, ಕೊಟ್ಟ ಮದ್ದು ವಾಪಸ್ ಕೇಳೋಕೆ ಬಂದ್ಯಾ?" ಎಂದು ತಾಯಿ ಜಲೇಸರಿ ನಕ್ಕಳು.

ಫುಲೋ ನಿನ್ನೆಯ ಸೀಸೆ ತೋರಿಸಿದಳು. ಅದರ ಚೀಟಿಯ ಮೇಲೆ, ಮದ್ದು ಕೆಟ್ಟಾಗ ಬಣ್ಣ ತಿರುಗುವ ಬಿಳಿ ಚೌಕ ಕಪ್ಪಾಗಿತ್ತು. "ದೋಣಿ ಇಳಿದು ಕೋಸಿ ನದಿ ಮಾತೆಗೆ ಪೂಜೆ ಮಾಡ್ತಾ ಕೂತುಬಿಟ್ಟೆ, ತಂಗಿ. ಪೆಟ್ಟಿಗೇಲಿದ್ದ ಐಸು ಬಿಸಿಲಿಗೆ ಕರಗಿಹೋಯ್ತು. ನಿನ್ನ ಮಗೂಗೆ ಹಾಕಿದ್ದು ಸತ್ತ ಮದ್ದು. ಇವತ್ತು ಬೇರೆ ತಂದಿದೀನಿ."

"ಮದ್ದಿಗೂ ಜೀವ ಇರುತ್ತಾ?"

"ಅದರೊಳಗಿನ ವೈರಸ್‌ಗೆ ಜೀವ ಇದೆಯೋ ಇಲ್ಲವೋ, ಡಾಕ್ಟರಿಗೂ ಸರಿಯಾಗಿ ಗೊತ್ತಿಲ್ಲ. ನಾನು ಕೊಂದಿದ್ದು ಮಾತ್ರ ನಿಜ."

ಜಲೇಸರಿ ಮಗುವಿನ ಬಾಯಿ ತೆರೆದು ಹಿಡಿದಳು. ಬೈದಿದ್ದರೆ ಫುಲೋಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ; ಹೊಸ ಸೀಸೆಯ ಚೌಕ ಬಿಳಿಯಾಗಿಯೇ ಇದೆಯೇ ಎಂದು ಮತ್ತೊಮ್ಮೆ ನೋಡಿ ಹನಿ ಹಾಕಿದಳು.