ಸೊಸೆಯ ಅಭಿಪ್ರಾಯ

ಹೆಸರು ಕರೆದಾಗ ಗುರುಲಿಂಗವ್ವ ಎದ್ದಳೇನೋ ನಿಜ, ಬಾಯಿಂದ ಮಾತು ಮಾತ್ರ ಏಳಲಿಲ್ಲ. ೧೯೭೯ರ ಆ ಸಂಜೆ ಹುನಗುಂದದ ವಾಚನಾಲಯದಲ್ಲಿ ಓದುಗರು ತಾವು ಓದಿದ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುವ ಸಭೆ. ಅವಳ ಕೈಯಲ್ಲಿ ಪ್ರಥಮ ಚಿಕಿತ್ಸೆಯ ಪುಸ್ತಕವಿತ್ತು. ಎದುರಿನ ಸಾಲಿನಲ್ಲಿ ಮಾವ ಅಂದಾನಪ್ಪನವರು ಕುಳಿತಿದ್ದರು. ಬಿ.ಎ. ಓದಿದ್ದರೂ ಮಾವನ ಮುಂದೆ ಅವಳು ಎಂದೂ ದನಿ ಎತ್ತಿದವಳಲ್ಲ.

ಅವಳಿಗಿಂತ ಮೊದಲು ಈರಪ್ಪ, "ಕೋಳಿ ಸಾಕೋ ಪುಸ್ತಕ ಭಾಳ ಚಲೋ ಐತ್ರಿ. ಆದ್ರ ಮನ್ಯಾಗ ಕೋಳಿ ಹೆಸರೆತ್ತಿದ್ರ ನಮ್ಮವ್ವ ನನ್ನ ಹೊರಗ ಹಾಕ್ತಾಳ," ಎಂದು ಎಲ್ಲರನ್ನೂ ನಗಿಸಿದ್ದ. ಆ ನಗು ಈಗ ಆರಿತ್ತು. ಗುರುಲಿಂಗವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಅಂದಾನಪ್ಪನವರು ಒಮ್ಮೆ ಕೆಮ್ಮಿ, ಎದ್ದು, ಹೊರಗೆ ನಡೆದುಬಿಟ್ಟರು. ಸಿಟ್ಟಾದರೆಂದೇ ಅವಳು ಅಂದುಕೊಂಡಳು.

ನೋಡಿದರೆ ಅವರು ಮನೆಗೆ ಹೋಗಿರಲಿಲ್ಲ. ಕಿಟಕಿಯ ಹೊರಗೆ, ಸೊಸೆಗೆ ಮುಖ ಕಾಣದಂತೆ ಬೆನ್ನು ತಿರುಗಿಸಿ ನಿಂತಿದ್ದರು.

"ಪುಸ್ತಕ ಚಲೋ ಐತ್ರಿ," ಅವಳು ಮೆಲ್ಲಗೆ ಶುರುಮಾಡಿದಳು. "ಆದ್ರ ಎಲ್ಲಾದಕ್ಕೂ ಕಡೀಕ ಲಗೂನ ದವಾಖಾನಿಗೆ ಒಯ್ಯಿರಿ ಅಂತ ಬರದಾರ. ಬಸ್ಸು ತಪ್ಪಿದ ಹಳ್ಳಿಯವರು ಅಲ್ಲೀತನಕ ಏನ್ ಮಾಡಬೇಕು ಅನ್ನೋದು ಇದರಾಗಿಲ್ಲ."

"ಜೋರಾಗಿ ಹೇಳವ್ವಾ," ಕಿಟಕಿಯಾಚೆಯಿಂದ ಮಾವನ ದನಿ ಬಂತು. "ನಮ್ಮ ಸೊಸಿ ಮಾತಾಡ್ತಾಳ, ಕೇಳ್ರಿ ಅಂತ ಹೋಗೋ ಮಂದೀನ ಇಲ್ಲಿ ನಿಲ್ಲಿಸೇನಿ. ಅವರಿಗೆ ಕೇಳವಲ್ದು."

ಗುರುಲಿಂಗವ್ವ ತಲೆಯೆತ್ತಿ, ಬೀದಿಗೆಲ್ಲ ಕೇಳುವಂತೆ, ಮೊದಲಿನಿಂದ ಹೇಳತೊಡಗಿದಳು.