ಡ್ರೀಮಿ ಹಾಸಿಗೆ

ಲೇಬಲ್ ಅಚ್ಚು ಹಾಕುವವನು ಸಂಜೆ ಬರುತ್ತಾನೆ, ಅಷ್ಟರಲ್ಲಿ ಹಾಸಿಗೆಗೆ ಹೆಸರು ನಿಕ್ಕಿಯಾಗಬೇಕು. ಹಾಸಿಗೆ ಹೊಲಿಯುವ ಮಾವ ಮೈಗಂಟಿದ ಹತ್ತಿಯನ್ನೂ ಕೊಡವಿಕೊಳ್ಳದೆ ಅಂಗಡಿಯಿಂದ ಒಳಮನೆಗೆ ಬಂದು, ಇಂಗ್ಲಿಷ್ ಟೀಚರ್ ಸೊಸೆಯ ಮುಂದೆ ನಿಂತರು. "ಡ್ರೀಮಿ ಅಂದ್ರೆ ಸರಿಯಾಗಿ ಏನಮ್ಮ? ಅಚ್ಚಿನವನು ಆ ಹೆಸರೇ ಇಡಿ ಅಂತಾನೆ."

ಸೊಸೆ ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಕನಸಿನಲ್ಲಿ ತೇಲಿದ ಹಾಗೆ ಹಿತವಾಗಿರುವುದೆಲ್ಲ ಡ್ರೀಮಿ. ಮೆಲುದನಿಯ ಸಂಗೀತಕ್ಕೆ ಹೇಳಬಹುದು, ಎಲ್ಲೋ ನೋಡುತ್ತ ಮೈಮರೆತು ಕೂತವರಿಗೆ ಹೇಳಬಹುದು, ಅರೆನಿದ್ದೆಯ ಕಣ್ಣಿಗಂತೂ ಹೇಳಿ ಮಾಡಿಸಿದ ಮಾತು. ಕೆಟ್ಟ ಕನಸಿಗೆ ಮಾತ್ರ ಸಲ್ಲದು. ಮಾವನ ಮುಖ ಊರಗಲವಾಯಿತು. ಮದುವೆಗೆ ನಿನಗೆಂದು ಹಾಸಿಗೆ ಮಾಡಿಕೊಟ್ಟೆನಲ್ಲ, ಇನ್ನು ಮೇಲೆ ಎಲ್ಲವನ್ನೂ ಅಷ್ಟೇ ಮೆತ್ತಗೆ ಮಾಡುತ್ತೇನೆ ಅಂತ ಕೈಯುಜ್ಜಿಕೊಂಡರು.

"ಅದರ ಮೇಲೆ ಮಲಗೋಳು ನೀನು. ನೀನೇ ಹೇಳು, ಆ ಮಾತು ಒಪ್ಪುತ್ತಾ?"

ಸೊಸೆಗೆ ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಆ ಹಾಸಿಗೆಯೋ, ಮಲಗಿದರೆ ಕೆಸರಲ್ಲಿ ಹೂತ ಹಾಗೆ. ಚಾಪೆಯ ಮೇಲೆ ಬೆಳೆದ ಬೆನ್ನು ಅವಳದು. ಗಂಡ ಗೊರಕೆ ಶುರು ಮಾಡಿದ ಮೇಲೆ ಮೆಲ್ಲಗೆ ಕೆಳಗಿಳಿದು, ಒಂದು ಬೆಡ್‌ಶೀಟ್ ಹಾಸಿಕೊಂಡು ಮಲಗುತ್ತಿದ್ದಳು. ಆದರೆ ಮಾವ ಎಳೆಯೆಳೆಯಾಗಿ ಕಸ ಆರಿಸಿ, ಸೊಸೆಯಲ್ಲ ಮಗಳು ಅಂದುಕೊಂಡೇ ತುಂಬಿದ ಹತ್ತಿ ಅದು. ಚೆನ್ನಾಗಿಲ್ಲ ಅನ್ನಲು ನಾಲಿಗೆ ಏಳಬೇಡವೇ? ಹೂಂ ಅಂದರೋ, ಕಂಡವರ ಬೆನ್ನೂ ತನ್ನ ಬೆನ್ನಿನ ಪಾಡೇ ಪಡಬೇಕು.

"ಮಾವ, ಬೇಜಾರು ಮಾಡ್ಕೋಬೇಡಿ. ಅದರ ಮೇಲೆ ನನಗೆ ನಿದ್ದೇನೇ ಬರಲ್ಲ. ಕೆಳಗೆ ಮಲಗ್ತೀನಿ."

ಪಾಪ, ಮಾವ ಸ್ಟೂಲಿನ ಮೇಲೆ ಕುಸಿದು ಕೂತರು. ನಿನ್ನ ಅತ್ತೆಗೂ ಇಂಥದ್ದೇ ಮಾಡಿಕೊಟ್ಟಿದ್ದೆ, ಅವಳು ಒಂದು ದಿನವೂ ತಕರಾರು ಹೇಳಲಿಲ್ಲವಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮೂಲೆಯಲ್ಲಿ ದಿಂಬಿಗೆ ಗವಸು ಹಾಕುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ನಾನೂ ಕೆಳಗೇ ಮಲಗೋದು, ಮದುವೆಯಾದಾಗಿಂದ. ನೀವು ಮಲಗಿದ್ರೆ ಕುಂಭಕರ್ಣ. ಏಳೋ ಹೊತ್ತಿಗೆ ನಾನು ಒಲೆ ಮುಂದೆ ಇರ್ತೀನಿ. ಗೊತ್ತಾಗೋದು ಹೇಗೆ?"

"ಒಂದು ಮಾತು ಹೇಳಬಾರದಾಗಿತ್ತೇನೆ?"

"ಸೊಸೇನ ಕೇಳಿದ್ರಿ, ಅವಳು ಹೇಳಿದಳು. ನನ್ನನ್ನ ಯಾವತ್ತು ಕೇಳಿದ್ರಿ?"

ಸೊಸೆಗೆ ನಗುವೂ ಬಂತು, ಕಣ್ಣೂ ತುಂಬಿತು. ಇನ್ನು ಅಲ್ಲಿರಬಾರದು ಅನಿಸಿ ಎದ್ದಳು. ಮಾವ ಹೆಂಡತಿಯ ಕೈಯಿಂದ ದಿಂಬು ತೆಗೆದು ಪಕ್ಕಕ್ಕಿಟ್ಟು, ಹೊಸ ಗಿರಾಕಿಯ ಎದುರು ಕೂರುವ ಹಾಗೆ ಅವಳೆದುರು ನೆಲದ ಮೇಲೆ ಕೂತರು.

"ನಿನಗೆ ಎಂಥ ಹಾಸಿಗೆ ಬೇಕು, ಹೇಳು."