ಎಮ್ಮೆ ತಿರುವಿನ ಮೋಹನ

"ಅಪ್ಪಾ, ಇದು ನಿನ್ ಹಾರ್ನ್ ಅಲ್ವಾ?"

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕಣ್ಣು ಮುಚ್ಚಿದ್ದ ರವೀಶನ ಕಿವಿಗೆ ಮಗಳು ಶೃತಿ ಇಯರ್‌ಫೋನ್ ತುರುಕಿದಳು. ಕಾಲೇಜು ಮುಗಿಸಿ ಅವಳು ದಿನವೂ ಅಮೃತೂರಿಗೆ ವಾಪಸಾಗುವುದು ಅಪ್ಪನ ಬಸ್ಸಿನಲ್ಲೇ. ಬಾನೆಟ್ ಪಕ್ಕದ ಸೀಟು ಅವಳದು. ಹೆಸರು ಕೇಳಿರದ ಕಲಾವಿದರ ಹೊಸ ಹೊಸ ಸಂಗೀತ ಹುಡುಕಿ ಕೇಳುವ ಹುಚ್ಚೂ ಅವಳದು. ರವೀಶನಿಗೆ ಅದು ತಲೆಗೆ ಹತ್ತುವ ಸಂಗತಿಯಲ್ಲ. ಮೇಲಾಗಿ ಇವತ್ತು ಅವನ ತಲೆ ಸರಿಯಿರಲಿಲ್ಲ. ಅಮೃತೂರಿನಿಂದ ಯಾರೋ ದೂರು ಕೊಟ್ಟಿದ್ದಾರೆ, ನಾಳೆ ಬೆಳಿಗ್ಗೆ ಮ್ಯೂಸಿಕ್ ಹಾರ್ನ್ ಬಿಚ್ಚಿಸದಿದ್ದರೆ ಬಸ್ಸು ಸ್ಟೇಷನ್ನಿಗೆ ಎಂದು ಪೊಲೀಸರು ಹೇಳಿ ಹೋಗಿದ್ದರು. ಓನರ್ ಹಾಕಿಸಿಕೊಟ್ಟ ಹಾರ್ನಲ್ಲ ಅದು. ಅಂಗಡಿ ಅಂಗಡಿ ಸುತ್ತಿ, ಒಂದೊಂದನ್ನೂ ಒತ್ತಿ ನೋಡಿ, ಅವನೇ ಆರಿಸಿ ತಂದದ್ದು. ಅದರ ದನಿ ಕೇಳಿಯೇ ಜನ ಹೊಲದಿಂದ ಓಡಿಬಂದು ಬಸ್ಸು ಹಿಡಿಯುತ್ತಿದ್ದರು.

ಕಿವಿಯಲ್ಲಿ ಪಿಟೀಲು. ಅವಸರವೇ ಇಲ್ಲದೆ ನುಡಿಯುತ್ತಿತ್ತು. ಅದರ ನಡುವೆ ಎಲ್ಲಿಂದಲೋ, ಪೀಂ ಪಿಪೀಂ ಪೋಂ. ಪಿಟೀಲು ಅರೆಗಳಿಗೆ ಸುಮ್ಮನಾಯಿತು. ಆಮೇಲೆ ಅದನ್ನೇ ಎತ್ತಿಕೊಂಡು ಮುಂದೆ ಹೋಯಿತು. ರವೀಶ ನೆಟ್ಟಗೆ ಕುಳಿತ.

"ಇನ್ನೊಂದ್ಸಲ ಹಾಕವ್ವ."

ಈ ಸಲ ಹಾರ್ನಿನ ಬೆನ್ನಿಗೇ ತೆಳುವಾಗಿ ಒಂದು ಹೆಣ್ಣುದನಿಯೂ ಕೇಳಿಸಿತು: "ಎದ್ದೇಳೇ ಮುಂಡೇದೆ."

"ಚಿಕ್ಕಮಾರಮ್ಮ ಅವ್ಳ್ ಎಮ್ಮೆನ ಬಯ್ತಾವ್ಳೆ," ಎಂದ ರವೀಶ. "ನಮ್ಮೂರ್ ತಿರುವು ಕಣವ್ವ ಇದು. ಪೂರ್ತಿ ಹಾರ್ನು ನಾನ್ ಒತ್ತೋದೇ ಅಲ್ಲಿ. ಅಡ್ಡ ಮಲಗಿರೋ ಆ ಎಮ್ಮೆ ಬ್ಯಾರೆ ಯಾವ್ದುಕ್ಕೂ ಏಳಕ್ಕಿಲ್ಲ. ಯಾರು ನುಡ್ಸಿರೋದು?"

"ಅಪರ್ಣ ಅಂತಷ್ಟೇ ಇದೆ. ಊರು, ಗುರು, ಏನೂ ಹಾಕಿಲ್ಲ. ಸಾವ್ರಾರು ಜನ ಕೇಳಿದಾರಪ್ಪ. ಕೆಳಗೆ ಕಾಮೆಂಟಲ್ಲಿ ಎಲ್ಲಾ ನಿನ್ ಹಾರ್ನ್ ಬಗ್ಗೇನೇ ಬರ್ದಿರೋದು. ಒಬ್ರಂತೂ, ಆ ಡ್ರೈವರ್‌ಗೆ ಬುದ್ಧಿ ಇಲ್ವಾ ಅಂದಿದಾರೆ."

ರವೀಶನ ಮುಖ ಸಣ್ಣಗಾಯಿತು. "ಹಂಗಾದ್ರೆ ಕಂಪ್ಲೇಂಟ್ ಕೊಟ್ಟಿರೋಳೂ ಇವ್ಳೇ."

ಆ ಸಂಜೆ ತಿರುವಿನಲ್ಲಿ ಎಮ್ಮೆ ಎಂದಿನಂತೆ ಹಾರ್ನಿಗೆ ಎದ್ದು ಹೋಯಿತು. ಎಡಗಡೆಯ ಮನೆಯ ತೆರೆದ ಕಿಟಕಿಯೊಳಗೆ ಯಾರೋ ಪಿಟೀಲು ಹಿಡಿದು ಕೂತದ್ದು ಕಂಡಿತು. ಊರೊಳಗೆ ಬಸ್ಸು ಹಾಲ್ಟ್ ಮಾಡಿ, ಅಪ್ಪ ಮಗಳು ತಿರುವಿನ ಆ ಮನೆಗೆ ನಡೆದುಕೊಂಡು ಬಂದರು. ಬಾಗಿಲು ತೆರೆದಾಕೆಯ ಕೈಯಲ್ಲಿ ಪಿಟೀಲಿನ ಕಮಾನಿತ್ತು. ಕುಣಿಗಲ್ಲಿನ ಬ್ಯಾಂಕಿನ ಗುರುತಿನ ಚೀಟಿಯನ್ನು ಕೊರಳಿನಿಂದ ಇನ್ನೂ ತೆಗೆದಿರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಜಗಳ ರವೀಶನ ಬಾಯಿಂದ ಈಚೆ ಬರಲಿಲ್ಲ.

"ನಾನೇ ಮೇಡಂ, ಹಾರ್ನ್ ಹೊಡಿಯೋನು. ಒಂದ್ ಮಾತು ನಂಗೇ ಹೇಳಿದ್ರೆ ಆಗ್ತಿತ್ತು. ಪೊಲೀಸ್ನೋರ್ ಗಂಟ ಯಾಕೆ."

"ಪೊಲೀಸಾ? ನಾನ್ಯಾಕ್ ಹೋಗ್ಲಿ ಅಲ್ಲಿಗೆ," ಎಂದಳು ಅಪರ್ಣ. ಆಮೇಲೆ ಅವನನ್ನೇ ನೋಡುತ್ತಾ, "ಹೋದ ವಾರ ಎರಡು ದಿನ ನಿಮ್ ಬಸ್ಸೇ ಬರ್ಲಿಲ್ವಲ್ಲ. ಯಾಕೆ?"

"ಕ್ಲಚ್ ಪ್ಲೇಟ್ ಹೋಗಿತ್ತು."

"ಆ ಎರಡು ದಿನದ ರೆಕಾರ್ಡಿಂಗ್ ಅಳಿಸಿ ಹಾಕ್ದೆ. ತಪ್ಪೇನೂ ಇರ್ಲಿಲ್ಲ. ಆದ್ರೆ ಕಾಯ್ತಾ ಕೂತಿರೋಳ ಹಂಗೆ ನುಡ್ಸಿದ್ದೆ."

ಶೃತಿಗೆ ತಡೆಯಲಾಗಲಿಲ್ಲ. "ಹಾರ್ನ್ ಆದ್ಮೇಲೆ ನೀವು ಏನೋ ಒಂದು ಮಾಡ್ತೀರಲ್ಲ ಮೇಡಂ, ಏನದು?"

ಅಪರ್ಣ ಚಾಪೆಯ ಮೇಲೆ ಕುಳಿತು ಪಿಟೀಲು ಎತ್ತಿಕೊಂಡಳು. "ನಾನ್ ನುಡ್ಸೋದು ಮೋಹನ ರಾಗ. ನಿಮ್ಮಪ್ಪನ ಹಾರ್ನಿಂದು ಮೊದಲ ಮೂರು ಸ್ವರ ಅದ್ರೊಳಗೇ ಇವೆ. ಕೊನೇ ಪೋಂ ಮಾತ್ರ ಹೊರಗಿಂದು. ದಿನಾ ಬಂದು ಬಾಗ್ಲಾಚೆ ನಿಂತ್ಬಿಡುತ್ತೆ. ಹೆಂಗ್ ಒಳಗ್ ಕರಿಯೋದು ಅಂತ ನೋಡ್ತಿರ್ತೀನಿ." ನುಡಿಸಿ ತೋರಿಸಿದಳು. ರವೀಶನ ಪೋಂ ಒಂದಿಷ್ಟು ಅನುಮಾನಿಸಿ, ಮೆಲ್ಲಗೆ ಜಾರಿ, ಮಿಕ್ಕವುಗಳ ಜೊತೆ ಸೇರಿಕೊಂಡಿತು.

ರವೀಶ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡ. ಇಷ್ಟು ದಿನ ಅದು ಒತ್ತಿದ್ದು ಎಮ್ಮೆಗೆ ಎಂದುಕೊಂಡಿದ್ದ.

"ನಾಳೆ ಬಿಚ್ಚಿಸ್ಬೇಕು ಮೇಡಂ. ಬಸ್ ಹಿಡ್ಕೊಂಡೋಯ್ತಾರಂತೆ."

ಅಪರ್ಣ ಕಮಾನಿನ ತಿರುಪು ಸಡಿಲಿಸಿ, ಮತ್ತೆ ಬಿಗಿ ಮಾಡಿದಳು.

ಮಾರನೆಯ ಸಂಜೆ ಬಸ್ಸಿನಲ್ಲಿದ್ದದ್ದು ಸಾದಾ ಹಾರ್ನು. ತಿರುವಿನಲ್ಲಿ ಒತ್ತಿದ. ಎಮ್ಮೆ ಕಿವಿ ಕೂಡ ಅಲ್ಲಾಡಿಸಲಿಲ್ಲ. ಮತ್ತೆ ಒತ್ತಿದ. ಜಗಲಿಯ ಮೇಲಿಂದ ಚಿಕ್ಕಮಾರಮ್ಮ, "ಏನ್ಲಾ ರವೀಸ, ನಿನ್ ಬಸ್ಸಿಗೆ ನೆಗಡಿ ಆಗದಾ?" ಎಂದಳು. ಹಿಂದಿನ ಸೀಟುಗಳಲ್ಲಿ ನಗು. ಇಳಿದು ಎಮ್ಮೆಯನ್ನು ಅಟ್ಟುವುದೇ ಸೈ ಎಂದು ರವೀಶ ಎಂಜಿನ್ ಆಫ್ ಮಾಡಿ ಬಾಗಿಲಿಗೆ ಕೈ ಹಾಕಿದ.

ಆ ಮೌನದಲ್ಲಿ ಎಡಗಡೆಯ ಕಿಟಕಿಯಿಂದ ಪಿಟೀಲು ಕೇಳಿಸಿತು. ಪೀಂ ಪಿಪೀಂ. ಆಮೇಲೆ ಆ ಕೊನೆಯ ಪೋಂ. ಈ ಸಲ ಅಪರ್ಣ ಅದನ್ನು ಒಳಗೆ ಕರೆಯಲಿಲ್ಲ, ಇದ್ದ ಹಾಗೇ ಬೀದಿಗೆ ಬಿಟ್ಟಳು.

ಎಮ್ಮೆ ಎದ್ದು, ಮೈ ಕೊಡವಿ, ದಾರಿ ಬಿಟ್ಟಿತು.